ಬೈಸಿಕೊಳ್ಳೋಕೆ ಇಷ್ಟೊಂದು ಫೀಸು

ಮಾರ್ಚ್ 3, ಸೋಮವಾರ
ಮಧ್ಯಾಹ್ನ, ಕಾರಿನಲ್ಲೇ

ಮೂರು ಗಂಟೆಯ ಪಾಠದವಳು ಇನ್ನೂ ಬಂದಿಲ್ಲ. ಬಂದವಳು "ಟ್ರಾಫಿಕ್ ಮೇಡಂ" ಅನ್ನುತ್ತಾಳೆ. ನಡೆದುಕೊಂಡು ಬರುವವಳಿಗೆ ಎಂಥ ಟ್ರಾಫಿಕ್ಕೋ.

ಬೆಳಗ್ಗೆಯಿಂದ ಗಂಟಲು ಒಣಗಿದೆ. ಒಬ್ಬ ಇಂಡಿಕೇಟರ್ ಅಂತ ವೈಪರ್ ಹಾಕಿಕೊಂಡು ಬಲಕ್ಕೆ ತಿರುಗಿಸಿದ. ಇನ್ನೊಬ್ಬಳು ಏರಿನಲ್ಲಿ ಗಾಡಿ ನಿಲ್ಲಿಸಿ, ಮುಂದಕ್ಕೆ ತೆಗೆಯಲಾಗದೆ, ಕನ್ನಡಿಯಲ್ಲಿ ಹಿಂದಿನ ಲಾರಿಯವನನ್ನು ನೋಡಿ ಅಳು ಮುಖ ಮಾಡಿದಳು. "ಪರವಾಗಿಲ್ಲ, ಗಾಬರಿ ಬೇಡ, ನಿಧಾನವಾಗಿ ಇನ್ನೊಂದ್ಸಲ ನೋಡೋಣ." ಈ ಮಾತನ್ನು ರೆಕಾರ್ಡ್ ಮಾಡಿ ಕಾರಿನಲ್ಲಿ ಹಾಕಿಬಿಟ್ಟರೆ ಡ್ರೈವಿಂಗ್ ಸ್ಕೂಲು ನಾನಿಲ್ಲದೆಯೂ ನಡೆಯುತ್ತದೆ.

ಬರೆಯಲು ಕೂತದ್ದು ಇದಕ್ಕಲ್ಲ. ಬೆಳಗ್ಗೆ ಮಗಳು ನನ್ನ ತಿಂಡಿ ತಟ್ಟೆಯ ಪಕ್ಕ ಒಂದು ಬಣ್ಣದ ಬ್ರೋಷರ್ ಇಟ್ಟು ಹೋದಳು. ಮಾತಿಲ್ಲ ಕತೆಯಿಲ್ಲ. ಮಿಲಿಟರಿ ಅಕಾಡೆಮಿಯವರು ನಡೆಸುವ ಬೇಸಿಗೆ ಕ್ಯಾಂಪು. ಮೂರು ವಾರ ಅಲ್ಲೇ ವಾಸ. ಐದು ಗಂಟೆಗೆ ಕಹಳೆ, ಓಟ, ಡ್ರಿಲ್, ಹಗ್ಗ ಹತ್ತುವುದು, ಕೆರೆ ಈಜುವುದು, ನಕ್ಷೆ ಹಿಡಿದು ಕಾಡು ದಾಟುವುದು. ಹಾಸಿಗೆ ಸುಕ್ಕಿಲ್ಲದೆ ಹಾಸುವುದಕ್ಕೇ ಒಂದು ಪಾಠ. ಪುಟ ತಿರುಗಿಸಿದರೆ ಮೈಗೆಲ್ಲ ಕೆಸರು ಮೆತ್ತಿಕೊಂಡು ನಗುತ್ತಿರುವ ಮಕ್ಕಳು. ಎಲ್ಲಕ್ಕೂ ಕೊನೆಯಲ್ಲಿ, ಸಣ್ಣ ಅಕ್ಷರದಲ್ಲಿ, ಫೀಸು. ಒಂದು ಸೊನ್ನೆ ಜಾಸ್ತಿ ಬಿದ್ದಿರಬೇಕು ಅಂದುಕೊಂಡೆ. ಬಿದ್ದಿಲ್ಲ.

ಇವಳಿಗೆ ಹದಿನೈದು. ರಜೆಯಲ್ಲಿ ಹತ್ತಕ್ಕೆ ಮೊದಲು ಕಣ್ಣು ಬಿಟ್ಟವಳಲ್ಲ. ಒದ್ದೆ ಟವೆಲು ಹಾಸಿಗೆ ಮೇಲೆ, ಪುಸ್ತಕ ಬಚ್ಚಲಲ್ಲಿ. ಒಂದು ಮಾತು ಹೇಳಿದರೆ ಬಾಗಿಲು ಧಡಾರ್. ಚಿಕ್ಕಂದಿನಲ್ಲಿ ಮುಟ್ಟಿದರೆ ಸಿಡಿಯುತ್ತಿದ್ದಳು ಅಂತ ಅವರಪ್ಪ ಇಟ್ಟ ಹೆಸರು ಸಾಸಿವೆ. ಈಗಲೂ ಸಿಡಿಯುತ್ತಾಳೆ. ಅಂಥವಳಿಗೆ ದುಡ್ಡು ಕೊಟ್ಟು ಬೈಸಿಕೊಳ್ಳುವ ಆಸೆ.

ಬಂದಳು. ಟ್ರಾಫಿಕ್ಕಂತೆ.


ಮಾರ್ಚ್ 4, ಮಂಗಳವಾರ

ಇವರನ್ನು ಕೇಳಿದೆ. ಕೇಳಿದ್ದೇ ತಪ್ಪು.

ಇವರು ಹಲ್ಲಿನ ಸೆಟ್ ಮಾಡುವವರು. ಊರಿನ ಅರ್ಧ ಮುದುಕರು ಇವರ ಕೈಯಲ್ಲಿ ನಗುತ್ತಾರೆ. ಲ್ಯಾಬಿನಲ್ಲಿ ಮುಗಿಯದ ಕೆಲಸವನ್ನು ಮನೆಗೆ ತರುತ್ತಾರೆ, ಹಾಗಾಗಿ ನಮ್ಮ ಅಡುಗೆಮನೆ ಕಟ್ಟೆಯ ಮೇಲೆ ಸದಾ ಯಾರದೋ ಬಾಯಿ ತೆರೆದುಕೊಂಡು ಕೂತಿರುತ್ತದೆ. ಬ್ರೋಷರ್ ಓದಿದರು. ಕನ್ನಡಕ ತೆಗೆದು ಒರೆಸಿದರು. "ಒಳ್ಳೇದೇ" ಅಂದರು. ಸ್ವಲ್ಪ ಹೊತ್ತು ಬಿಟ್ಟು "ದುಬಾರಿ" ಅಂದರು. ಮತ್ತೂ ಸ್ವಲ್ಪ ಹೊತ್ತು ಬಿಟ್ಟು "ನೀನೇ ನೋಡು" ಅಂದರು.

ಮದುವೆಯಾದಾಗಿನಿಂದ ನಾನೇ ನೋಡುತ್ತಿದ್ದೇನೆ. ಅಡ್ಡಗೋಡೆಯ ಮೇಲೆ ದೀಪ ಇಡುವುದರಲ್ಲಿ ಇವರನ್ನು ಮೀರಿಸುವವರಿಲ್ಲ.

ನಾನು ಹೇಳಿದೆ — ಬಿಳಿ ಕಾರಿನ ಗೇರ್‌ಬಾಕ್ಸ್ ಹೋಗುವ ಹಾಗಿದೆ, ಈ ಬೇಸಿಗೆಯಲ್ಲಿ ಆ ಕಾರು ಬದಲಾಯಿಸಬೇಕು ಅಂತ ಎತ್ತಿಟ್ಟ ಹಣ ಇದು. ಈಜು ಕಲಿಯಬೇಕಾದರೆ ಮುನಿಸಿಪಾಲಿಟಿ ಕೊಳ ಇದೆ. ಓಡಬೇಕಾದರೆ ಮನೆ ಮುಂದೆ ರಸ್ತೆ ಇದೆ, ರಸ್ತೆಗೆ ಟಿಕೆಟ್ಟಿಲ್ಲ. ಹಾಸಿಗೆ ಹಾಸೋದನ್ನ ನಾನು ಬಿಟ್ಟಿ ಕಲಿಸ್ತೀನಿ.

"ನೀನು ಹತ್ತು ವರ್ಷದಿಂದ ಕಲಿಸ್ತಿದೀಯಲ್ಲ" ಅಂದರು, ಯಾರದೋ ಕೋರೆಹಲ್ಲು ಉಜ್ಜುತ್ತಾ.


ಮಾರ್ಚ್ 9, ಭಾನುವಾರ

ಅಕ್ಕನಿಗೆ ಫೋನ್ ಮಾಡಿದೆ. ಹೋದ ವರ್ಷ ಅವಳ ಮಗ ಇಂಥದ್ದೇ ಕ್ಯಾಂಪಿಗೆ ಹೋಗಿದ್ದ. ಆಗ ಅವಳು ಒಂದು ತಿಂಗಳು ಅದನ್ನೇ ಕೊರೆದಿದ್ದಳು — ಮಗ ಹೇಗೆ ಎದೆ ಸೆಟೆಸಿ ನಡೆಯುತ್ತಾನೆ, ಹೇಗೆ "ಎಸ್ ಮಾಮ್" ಅನ್ನುತ್ತಾನೆ. ಇವತ್ತು ನೇರವಾಗಿ ಕೇಳಿದೆ, ದುಡ್ಡು ದಂಡವಾಯ್ತೋ ಸಾರ್ಥಕವಾಯ್ತೋ ಅಂತ.

ಸುಮ್ಮನಾದಳು. ಅಕ್ಕ ಸುಮ್ಮನಾಗುವುದು ಅಂದರೆ ಸಣ್ಣ ವಿಷಯವಲ್ಲ. ಕೊನೆಗೆ ಬಾಯಿ ಬಿಟ್ಟಳು. ಬಂದ ಮೇಲೆ ನಾಲ್ಕು ದಿನ ಹಾಸಿಗೆ ಹಾಸಿದನಂತೆ. ಐದನೇ ದಿನ, ಹಾಸಿದ್ದು ಕೆಡಬಾರದು ಅಂತ ನೆಲದ ಮೇಲೆ ಮಲಗಿದನಂತೆ. ಆರನೇ ದಿನದಿಂದ ಎರಡೂ ಕಡೆ ಮಲಗಿ ಎರಡನ್ನೂ ಕೆಡಿಸುತ್ತಿದ್ದಾನಂತೆ.

"ಆದ್ರೂ ಫೋಟೋ ಚೆನ್ನಾಗಿ ಬಂದಿದೆ ಕಣೆ" ಅಂದಳು.

ಶಾಲೆಯ ಕೌನ್ಸೆಲರನ್ನೂ ಕೇಳಿ ಆಯಿತು. ಈ ಸರ್ಟಿಫಿಕೇಟ್ ನೋಡಿ ಯಾವ ಕಾಲೇಜೂ ಸೀಟು ಕೊಡುವುದಿಲ್ಲ, ಆದರೆ ಇದ್ದರೆ ಕೆಟ್ಟದ್ದೂ ಅಲ್ಲ, ಇಲ್ಲದಿದ್ದರೂ ನಷ್ಟವಿಲ್ಲ ಅಂದರು. ನಮ್ಮವರಿಗೆ ದೂರದ ನೆಂಟರೇ ಇರಬೇಕು ಈ ಕೌನ್ಸೆಲರು.

ಸಾಸಿವೆಯನ್ನು ಎದುರು ಕೂರಿಸಿಕೊಂಡು ಯಾಕೆ ಹೋಗಬೇಕು ಹೇಳು ಅಂದೆ. ಭುಜ ಎಗರಿಸಿದಳು. ಸೈನ್ಯಕ್ಕೆ ಸೇರುತ್ತೀಯಾ ಅಂದೆ. ಇಲ್ಲ. ಸ್ನೇಹಿತೆಯರು ಹೋಗುತ್ತಿದ್ದಾರಾ. ಇಲ್ಲ. ಹಾಗಾದರೆ ಏನು ಸಿಗುತ್ತೆ ಅಲ್ಲಿ? ಮತ್ತೆ ಭುಜ. ನಾನು ಧ್ವನಿ ಏರಿಸಿದೆ. ಬಾಗಿಲು ಧಡಾರ್.

ಆ ಬಾಗಿಲಿನ ಕೀಲುಗಳಿಗೂ ಒಂದು ಆಯುಸ್ಸು ಅಂತ ಇರುತ್ತದೆ.


ಮಾರ್ಚ್ 13, ಗುರುವಾರ
ಕಾರಿನಲ್ಲಿ, ಇಬ್ಬರ ನಡುವಿನ ಬಿಡುವು

ಹೊಸ ವಿದ್ಯಾರ್ಥಿ. ವಯಸ್ಸು ಅರವತ್ತರ ಹತ್ತಿರ, ಬೆನ್ನು ಗೋಡೆಯಷ್ಟು ನೆಟ್ಟಗೆ. ನಿವೃತ್ತ ಡ್ರಿಲ್ ಮಾಸ್ಟರ್. ಎಲ್ಲಿ ಕೆಲಸ ಮಾಡಿದ್ದು ಅಂದರೆ — ಅದೇ ಅಕಾಡೆಮಿಯಲ್ಲಿ. ಬೇಸಿಗೆ ಕ್ಯಾಂಪಿನ ಮಕ್ಕಳನ್ನೂ ವರ್ಷ ವರ್ಷ ಇವರೇ ಕುಣಿಸಿದ್ದಂತೆ. ಹುಡುಕಿದ ಬಳ್ಳಿ ಕಾಲಿಗೆ ತೊಡರಿತು ಅಂದುಕೊಂಡು ಖುಷಿಪಟ್ಟೆ.

ಆದರೆ ಮನುಷ್ಯನಿಗೆ ಗಾಡಿ ಅಂದರೆ ಜೀವ ಹೋಗುವಷ್ಟು ಹೆದರಿಕೆ. ಸರ್ಕಲ್ಲಿಗೆ ಬಂದರೆ ಸ್ಟೇರಿಂಗ್ ಬಿಟ್ಟು ಕಣ್ಣು ಮುಚ್ಚುತ್ತಾರೆ. ರಿವರ್ಸ್ ಹಾಕಿದಾಗ ಹಿಂದೆ ನೋಡುವುದಿಲ್ಲ, ನನ್ನನ್ನು ನೋಡುತ್ತಾರೆ. ಎರಡು ಸಾವಿರ ಮಕ್ಕಳ ಎದೆ ನಡುಗಿಸಿದ ಗಂಟಲಿನಿಂದ ಇಲಿಮರಿಯ ಹಾಗೆ "ಮೇಡಂ, ಈಗ ಹೋಗಬಹುದಾ" ಅಂತ ಬರುತ್ತದೆ.

ಪರವಾಗಿಲ್ಲ ಸರ್, ಗಾಬರಿ ಬೇಡ ಸರ್.

ಪಾಠ ಮುಗಿದ ಮೇಲೆ ಕೇಳಿದೆ, ನಿಮ್ಮ ಮಗಳಾಗಿದ್ದರೆ ಅಷ್ಟು ಹಣ ಕೊಟ್ಟು ಕಳಿಸುತ್ತಿದ್ದಿರಾ ಅಂತ. ಅವರಿಗೆ ಸ್ಟಾಫ್ ರಿಯಾಯಿತಿ ಇತ್ತಂತೆ. ಅದಲ್ಲ ಸರ್ ನಾನು ಕೇಳಿದ್ದು ಅಂದೆ. ಕೆರೆಯ ನೀರು ತುಂಬಾ ಚೆನ್ನಾಗಿದೆ ಅಂದರು.

ನನಗೆ ಸಿಗುವವರೆಲ್ಲ ಹೀಗೇ.


ಮಾರ್ಚ್ 22, ಶನಿವಾರ
ಸಂಜೆ

ಅಕಾಡೆಮಿಯಲ್ಲಿ ಪೋಷಕರಿಗೆ ಪರಿಚಯದ ದಿನ ಅಂತ ಇತ್ತು. ಒಂದು ಸಲ ಕಣ್ಣಾರೆ ನೋಡಿ ಬೇಡ ಅನ್ನೋಣ ಅಂತ ಸಾಸಿವೆಯನ್ನೂ ಕರೆದುಕೊಂಡು ಹೋದೆ. ಇವರು ಬರಲಿಲ್ಲ, ಯಾರಿಗೋ ಸೋಮವಾರದೊಳಗೆ ಮೇಲಿನ ಸಾಲು ಬೇಕಂತೆ.

ದೊಡ್ಡ ಗೇಟು, ಸುಣ್ಣ ಬಳಿದ ಕಲ್ಲುಗಳ ಸಾಲು, ಬಾಚಿದ ಹಾಗಿರುವ ಹುಲ್ಲು. ನಮ್ಮನ್ನು ಪ್ಲಾಸ್ಟಿಕ್ ಕುರ್ಚಿಗಳಲ್ಲಿ ಕೂರಿಸಿದರು. ಒಬ್ಬ ಅಧಿಕಾರಿ ಬಂದು ನಾಯಕತ್ವ ಅಂದರು, ಆತ್ಮವಿಶ್ವಾಸ ಅಂದರು, ಮತ್ತೆ ನಾಯಕತ್ವ ಅಂದರು. ನಾನು ಕೈ ಎತ್ತಿ ಕೇಳಿದೆ — ಮೂರು ವಾರದಲ್ಲಿ ಬರುವ ಆತ್ಮವಿಶ್ವಾಸ ನಾಲ್ಕನೇ ವಾರದಲ್ಲಿ ಎಲ್ಲಿಗೆ ಹೋಗುತ್ತೆ? ಒಳ್ಳೆಯ ಪ್ರಶ್ನೆ ಅಂದರು. ಉತ್ತರ ಕೊಡಲಿಲ್ಲ. ರೀಫಂಡ್ ಬಗ್ಗೆ ಕೇಳಿದಾಗ ಮಾತ್ರ ಉತ್ತರ ತಟ್ಟನೆ ಬಂತು. ಮಗು ಗೇಟಿನ ಒಳಗೆ ಕಾಲಿಟ್ಟ ಮೇಲೆ ಹಣ ವಾಪಸ್ಸಿಲ್ಲ. ಪಕ್ಕದಲ್ಲಿ ದುರ್ಬೀನು ಕೊರಳಿಗೆ ಹಾಕಿಕೊಂಡಿದ್ದ ಒಬ್ಬ ಅಪ್ಪ ಇದನ್ನೆಲ್ಲ ಬರೆದುಕೊಳ್ಳುತ್ತಿದ್ದ.

ಆಮೇಲೆ ಮಕ್ಕಳನ್ನು ಕರೆದು ಒಂದು ಉದ್ದನೆಯ ಹಾಲಿನಲ್ಲಿ ಮಂಚಗಳ ಮುಂದೆ ನಿಲ್ಲಿಸಿದರು. ನಾವು ಕಿಟಕಿಯಿಂದ ನೋಡಬೇಕು. ಹಾಸಿಗೆ ಹಾಸುವ ಪರೀಕ್ಷೆ. ಸಾಸಿವೆಯ ಹೊದಿಕೆ ಒಂದು ಕಡೆ ಜೋತುಬಿದ್ದಿತ್ತು, ನನಗೆ ಅಲ್ಲಿಂದಲೇ ಕಾಣುತ್ತಿತ್ತು. ಒಬ್ಬ ಇನ್‌ಸ್ಟ್ರಕ್ಟರಮ್ಮ ಬಂದಳು. ಇವಳ ಮೂಗಿಗೆ ಮೂಗು ತಾಗುವಷ್ಟು ಹತ್ತಿರ ನಿಂತು ಕೂಗಿದಳು ನೋಡು — ಕಿಟಕಿ ಗಾಜು ಅದುರಿತು. ಇದು ಹಾಸಿಗೆಯಾ, ಹಂದಿಗೂಡಾ. ಕಣ್ಣಿದೆಯಾ, ಬಟನ್ನಾ. ಮತ್ತೆ ಹಾಸು.

ಈಗ ಸಿಡಿಯುತ್ತಾಳೆ, ಈಗ ಬಾಗಿಲು ಧಡಾರ್ ಅನ್ನುತ್ತೆ ಅಂತ ಕಾದೆ. ಸಾಸಿವೆ ಕಿತ್ತು ಹಾಸಿದಳು. ಮತ್ತೆ ಕೂಗು. ಮತ್ತೆ ಕಿತ್ತಳು, ಮತ್ತೆ ಹಾಸಿದಳು. ಮೂರನೇ ಸಲ ಹೊದಿಕೆ ಇಸ್ತ್ರಿ ಮಾಡಿದ ಹಾಗೆ ಕೂತಿತು. ಇಷ್ಟೂ ಹೊತ್ತು ಅವಳ ಮುಖದಲ್ಲಿ ಒಂದು ಗೆರೆ ಅಲ್ಲಾಡಲಿಲ್ಲ. ಇನ್‌ಸ್ಟ್ರಕ್ಟರಮ್ಮ ಮುಂದಿನ ಮಂಚಕ್ಕೆ ಹೋದಾಗ ನನ್ನ ಮಗಳು ನಗುತ್ತಿದ್ದಳು. ನಿಜವಾದ ನಗು. ಮನೆಯಲ್ಲಿ ಅದನ್ನು ನೋಡಿ ಎಷ್ಟು ಕಾಲವಾಯಿತೋ.

ಹೊಟ್ಟೆ ಉರಿಯಿತು. ಬೇರೆ ಮಾತು ಸಿಗುತ್ತಿಲ್ಲ.

ವಾಪಸ್ ಬರುವಾಗ ಅರ್ಧ ದಾರಿಯವರೆಗೂ ಹಲ್ಲು ಕಚ್ಚಿ ಕೂತೆ. ಆಮೇಲೆ ಆಗಲಿಲ್ಲ. ನಾನು ಟವೆಲ್ ಎತ್ತಿಡು ಅಂದ್ರೆ ಮೂರು ದಿನ ಮಾತು ಬಿಡ್ತೀಯ, ಅವಳು ಹಂದಿಗೂಡು ಅಂದ್ರೆ ನಗ್ತೀಯಲ್ಲೇ, ಏನು ಇದರ ಅರ್ಥ ಅಂತ ಕೇಳಿದೆ.

ಕಿಟಕಿಯ ಆಚೆ ನೋಡುತ್ತಲೇ ಹೇಳಿದಳು. "ಅವ್ರು ಎಲ್ಲರ ಮೇಲೂ ಕೂಗ್ತಾರೆ ಅಮ್ಮ. ನೀನು ನನ್ನೊಬ್ಬಳ ಮೇಲೆ."

ಸಿಗ್ನಲ್ ಹಸಿರಾಗಿದ್ದು ಗೊತ್ತಾಗಲಿಲ್ಲ. ಹಿಂದಿನವರು ಹಾರ್ನ್ ಮಾಡಿದರು. ತಲೆಯ ಮೇಲೆ ಡ್ರೈವಿಂಗ್ ಸ್ಕೂಲಿನ ಬೋರ್ಡು ಹೊತ್ತ ಕಾರು, ಕಲಿಯುವವಳು ಅಂದುಕೊಂಡಿರಬೇಕು.

ಅಷ್ಟಕ್ಕೇ ಬಿಡಲಿಲ್ಲ ಅವಳು. "ಕಾರಲ್ಲಿ ಕಲಿಯೋಕೆ ಬರೋವ್ರು ಗೋಡೆಗೆ ಗುದ್ದಿದ್ರೂ ಪರವಾಗಿಲ್ಲ ಅಂತೀಯ. ನಾನು ಒಂದು ಲೋಟ ಬೀಳಿಸಿದ್ರೆ…" ಅಂತ ನಿಲ್ಲಿಸಿದಳು.




ಮಾರ್ಚ್ 23, ಭಾನುವಾರ

ಮನಸ್ಸು ಕಹಿಯಾಗಿದೆ. ಇವರಿಗೆ ಹೇಳಿದೆ. ಎಲ್ಲ ಕೇಳಿ "ಅವಳು ಹೇಳೋದರಲ್ಲೂ ಅರ್ಥ ಇದೆ" ಅಂದರು. ನನ್ನ ಮುಖ ನೋಡಿ "ನೀನು ಹೇಳೋದರಲ್ಲೂ ಇದೆ" ಅಂದರು. ನನ್ನ ಕಡೆಯ ಮಾತು ನಾನಿನ್ನೂ ಹೇಳಿಯೇ ಇರಲಿಲ್ಲ.

ನಾಳೆಯಿಂದ ಮನೆಯಲ್ಲೂ ಕಾರಿನ ಧ್ವನಿ. ದುಡ್ಡು ಕೊಟ್ಟವರಿಗೆ ಕೊಡುವುದನ್ನು ಹೆತ್ತವಳಿಗೆ ಕೊಡಲಾಗದೇ? ಅಂದರೆ, ಹೆತ್ತ ಮಗಳಿಗೆ. ಏನು ಬರೆಯುತ್ತಿದ್ದೇನೋ.


ಮಾರ್ಚ್ 25, ಮಂಗಳವಾರ

ಬೆಳಗ್ಗೆ ಹಾಲು ಉಕ್ಕಿಸಿ ಒಲೆಯೆಲ್ಲ ಬಳಿದಳು. "ಪರವಾಗಿಲ್ಲ ಮರಿ. ಗಾಬರಿ ಬೇಡ." ಸಾಸಿವೆ ಅಪ್ಪನ ಕಡೆ ನೋಡಿದಳು. ಅವರು ನನ್ನ ಕಡೆ ನೋಡಿದರು.

ಶಾಲೆಗೆ ಲೇಟಾಯಿತು. "ನಿಧಾನ. ಆರಾಮಾಗಿ ಹೊರಡು." ಅವಳು ಶೂ ಹಾಕದೆ ಓಡಿದಳು.


ಮಾರ್ಚ್ 28, ಶುಕ್ರವಾರ

ನಾಲ್ಕು ದಿನಕ್ಕೇ ಬಣ್ಣ ಬಯಲು. ನನಗೆ ತಲೆನೋವು, ಇವರಿಗೆ ಅಜೀರ್ಣ. ಒಲೆ ಒರೆಸುವಾಗ ನನ್ನಷ್ಟಕ್ಕೆ ಗೊಣಗುತ್ತಿದ್ದೇನೆ, ಒಲೆಗೆ ಬೈಯುತ್ತಿದ್ದೇನೆ. ಸಂಜೆ ಸಾಸಿವೆ ಅಡುಗೆಮನೆ ಬಾಗಿಲಲ್ಲಿ ನಿಂತು, "ಅಮ್ಮ, ಅದನ್ನ ನಿಲ್ಲಿಸು, ಭಯ ಆಗುತ್ತೆ" ಅಂದಳು.

ಯಾವುದನ್ನ ಅಂದೆ, ಮೃದುವಾಗಿ.

"ಅದನ್ನೇ."

ಬೈದರೆ ಕಷ್ಟ, ಬೈಯದಿದ್ದರೆ ಭಯ. ನನ್ನನ್ನು ಯಾವ ಅಚ್ಚಿಗೆ ಹಾಕಿ ಎರಕ ಹೊಯ್ಯಬೇಕು ಇವರಿಗೆ?


ಏಪ್ರಿಲ್ 2, ಬುಧವಾರ
ಕಾರಿನಲ್ಲಿ

ಡ್ರಿಲ್ ಮಾಸ್ಟರ್ ಇವತ್ತು ಸರ್ಕಲ್ ದಾಟಿದರು. ಕಣ್ಣು ತೆರೆದುಕೊಂಡು. ಆ ಖುಷಿಗೆ ಗಾಡಿ ಪಕ್ಕಕ್ಕೆ ಹಾಕಿ ಚಹಾ ಕೊಡಿಸಿದರು.

ಮತ್ತೆ ಕೇಳಿದೆ. ಅಷ್ಟು ವರ್ಷ ಕೂಗಿದಿರಲ್ಲ ಸರ್, ಮನೆಗೆ ಹೋಗಿ ಕೂಗುತ್ತಿದ್ದಿರಾ? ಇಲ್ಲವಂತೆ, ಮನೆಯಲ್ಲಿ ಅವರ ಹೆಂಡತಿ ಕೂಗುತ್ತಿದ್ದರಂತೆ. ನಕ್ಕರು. ಆಮೇಲೆ ಚಹಾ ಆರುವವರೆಗೆ ಯೋಚಿಸಿ ಹೇಳಿದರು — "ಕೂಗೋದು ಕೆಲಸ ಮೇಡಂ. ಅದರಲ್ಲಿ ಕೋಪ ಇರಲ್ಲ. ಸೀಟಿ ಊದಿದ ಹಾಗೆ. ನೀವು ನನಗೆ ಪರವಾಗಿಲ್ಲ ಪರವಾಗಿಲ್ಲ ಅಂತೀರಲ್ಲ, ಹಾಗೆ."

ಈ ಮನುಷ್ಯನಿಗೆ ನಾನು ಪ್ರೀತಿಯಿಂದ ಹೇಳುತ್ತಿದ್ದೇನೆ ಅಂತ ಅನ್ನಿಸಿಯೇ ಇರಲಿಲ್ಲವೇ ಅಂತ ಒಂದು ಕ್ಷಣ ಬೇಸರವಾಯಿತು. ಪ್ರೀತಿ ಇರಲಿಲ್ಲ, ಅದು ಬೇರೆ ಮಾತು.

ಮಾಸ್ಟರು ಇನ್ನೂ ಕ್ಲಚ್ಚನ್ನು ಸರಕ್ಕನೆ ಬಿಡುತ್ತಾರೆ.


ಏಪ್ರಿಲ್ 5, ಶನಿವಾರ

ಇವತ್ತು ಕೊನೆಯ ದಿನ ಹಣ ಕಟ್ಟಲು. ಬೆಳಗ್ಗೆಯಿಂದ ಯಾರೂ ಆ ಮಾತೆತ್ತಲಿಲ್ಲ. ಸಾಸಿವೆ ಬ್ರೋಷರನ್ನು ಫ್ರಿಜ್ಜಿನ ಮೇಲಿಂದ ತೆಗೆದು ಹಳೆ ಪೇಪರಿನ ರಾಶಿಗೆ ಹಾಕಿದ್ದನ್ನು ನೋಡಿದೆ. ಮುಖ ಊದಿಸಿಕೊಂಡು ಹಾಕಿದ್ದರೆ ನಾನು ಸುಮ್ಮನಿರುತ್ತಿದ್ದೆ. ಮಡಚಿ, ಅಂಚು ಸರಿ ಮಾಡಿ, ಇಟ್ಟಳು. ಆಸೆ ಬಿಟ್ಟವರು ಹಾಗೆ ಇಡುತ್ತಾರೆ.

ಮಧ್ಯಾಹ್ನ ಕಟ್ಟಿಬಿಟ್ಟೆ. ಒಂದು ಬಟನ್ ಒತ್ತಿದ್ದು, ಬಿಳಿ ಕಾರಿನ ಜಾಗಕ್ಕೆ ಬರಬೇಕಿದ್ದ ಹೊಸ ಕಾರು ಹೋಯಿತು.

ಇವರು ಯಾಕೆ ಮನಸ್ಸು ಬದಲಾಯಿಸಿದೆ ಅಂದರು. ನಾಯಕತ್ವಕ್ಕಲ್ಲ, ಕೆರೆ ಈಜಿಗೂ ಅಲ್ಲ. ಸುಕ್ಕಿಲ್ಲದ ಹಾಸಿಗೆಯ ಮೇಲೆ ನನಗೆ ನಂಬಿಕೆಯೇ ಇಲ್ಲ. ಅವಳಿಗೆ ನನ್ನಿಂದ ಮೂರು ವಾರ ರಜೆ ಕೊಡಿಸಿದ್ದು, ಅಷ್ಟೇ. ಹಾಗಂತ ಇವರಿಗೆ ಹೇಳಲಿಲ್ಲ. ಫೋಟೋ ಚೆನ್ನಾಗಿ ಬರುತ್ತಂತೆ ಅಂದೆ.

ಸಾಸಿವೆಗೆ ಹೇಳಿದಾಗ ಕೊರಳಿಗೆ ಜೋತುಬಿದ್ದಳು. ನನ್ನಿಂದ ದೂರ ಹೋಗುವುದಕ್ಕೆ ನನ್ನನ್ನೇ ಅಪ್ಪಿಕೊಂಡು ಕುಣಿಯುತ್ತಿದೆ ಹುಡುಗಿ. ಅತ್ತುಬಿಡುತ್ತೇನೇನೋ ಅನ್ನಿಸಿ, ಟವೆಲ್ ಎತ್ತಿಡು ಹೋಗು ಅಂದೆ.


ಮೇ 3, ಶನಿವಾರ

ಬಿಟ್ಟು ಬಂದೆವು. ಗೇಟಿನ ಹತ್ತಿರ ಫೋನು ಇಸಿದುಕೊಂಡು ಕವರಿಗೆ ಹಾಕಿದರು. ಕೈಗೆ ಒಂದು ಪಟ್ಟಿ ಕಟ್ಟಿದರು, ಹದಿನೇಳು ಅಂತ. ಇನ್ನು ಮೂರು ವಾರ ಇವಳು ಹದಿನೇಳು. ಮೊದಲ ವಾರ ಫೋನಿಲ್ಲ, ಆಮೇಲೆ ಭಾನುವಾರ ಹತ್ತು ನಿಮಿಷ.

ಒಳಗೆ ಕಾಲಿಟ್ಟಳು. ಹಣ ವಾಪಸ್ಸಿಲ್ಲ.

ಹಿಂದೆ ತಿರುಗಿ ನೋಡುತ್ತಾಳೆ ಅಂತ ನಿಂತಿದ್ದೆ. ಇವರು ನನ್ನ ತೋಳು ಎಳೆದರು, ಬಾ ಅಂತ.


ಮೇ 7, ಬುಧವಾರ

ಮನೆ ನೀಟಾಗಿದೆ. ಟವೆಲುಗಳೆಲ್ಲ ತಂತಿಯ ಮೇಲೆ. ಇಟ್ಟದ್ದು ಇಟ್ಟಲ್ಲೇ ಇದೆ. ಮೈ ಪರಚಿಕೊಳ್ಳುವ ಹಾಗಾಗಿದೆ.

ಇವರ ಹಲ್ಲಿನ ಅಚ್ಚುಗಳನ್ನೆಲ್ಲ ಎತ್ತಿ ಹಿತ್ತಿಲಿಗೆ ಇಟ್ಟೆ, ಬೈದೆ, ಮತ್ತೆ ಬೈದೆ. ಇವರು ಸಮಾಧಾನವಾಗಿ ಹೇಳಿದರು, "ಎರಡು ಜನದ್ದು ಒಬ್ಬನ ಮೇಲೆ ಬರ್ತಿದೆ ಕಣೆ. ಅವಳು ಬೇಗ ಬರಲಿ."

ಎಷ್ಟೋ ದಿನದ ಮೇಲೆ ಒಂದೇ ಕಡೆಯ ಅಭಿಪ್ರಾಯ ಹೇಳಿದ್ದಾರೆ. ತಾರೀಖು ಹಾಕಿ ಬರೆದಿಟ್ಟಿದ್ದೇನೆ.


ಮೇ 11, ಭಾನುವಾರ

ಬೆಳಗ್ಗೆಯಿಂದ ಫೋನು ಕೈಯಲ್ಲೇ ಹಿಡಿದು ಓಡಾಡಿದೆ. ಸ್ನಾನಕ್ಕೆ ಹೋಗುವಾಗ ಇವರ ಕೈಗೆ ಕೊಟ್ಟೆ, ಬೇರೆ ಯಾರದಾದರೂ ಬಂದರೆ ಎತ್ತಬೇಡಿ, ಲೈನ್ ಬ್ಯುಸಿ ಆಗುತ್ತೆ ಅಂತ. ಅಕ್ಕ ಎರಡು ಸಲ ಮಾಡಿದಳು, ಕಟ್ ಮಾಡಿದೆವು.

ಬರಲಿಲ್ಲ.

ಸಂಜೆ ಅಲ್ಲಿನ ಆಫೀಸಿಗೆ ಮಾಡಿದೆ. ಹುಷಾರಿದ್ದಾಳಂತೆ. ಫೋನಿನ ಸರದಿ ಬಂದಾಗ "ನಂಗೆ ಬೇಡ" ಅಂತ ಪಕ್ಕದವಳಿಗೆ ಬಿಟ್ಟುಕೊಟ್ಟಳಂತೆ. ಒಳ್ಳೆ ಗುಣ ಮೇಡಂ, ತ್ಯಾಗ, ನಾಯಕತ್ವ ಅಂದ ಆಫೀಸಿನವನು. ಅವನ ನಾಯಕತ್ವಕ್ಕೆ ಬೆಂಕಿ ಬೀಳಲಿ.

ಕೊಡಿಸಿದ್ದು ನಾನೇ ತಾನೇ ಈ ರಜೆ. ಪೂರ್ತಿ ತೆಗೆದುಕೊಂಡಿದ್ದಾಳೆ. ತಪ್ಪೇನು ಅವಳದ್ದು.




ಮೇ 14, ಬುಧವಾರ
ಕಾರಿನಲ್ಲಿ

ಬಿಳಿ ಕಾರು ಎರಡನೇ ಗೇರಿನಲ್ಲಿ ಕಿರುಚುತ್ತಿದೆ. ಕಿರುಚಲಿ.

ಇವತ್ತು ಒಬ್ಬ ಹುಡುಗಿ, ಸಾಸಿವೆಗಿಂತ ನಾಲ್ಕು ವರ್ಷ ದೊಡ್ಡವಳಿರಬಹುದು, ನಿಂತಿದ್ದ ಸೈಕಲ್ಲಿಗೆ ಗುದ್ದಿದಳು. ಯಾರಿಗೂ ಏನೂ ಆಗಲಿಲ್ಲ. ಪರವಾಗಿಲ್ಲ ಅನ್ನಲು ಬಾಯಿ ತೆರೆದೆ — ಬಂದದ್ದು ಬೇರೆ. ಕಣ್ಣು ಎಲ್ಲಿತ್ತೇ ನಿಂದು, ಎಷ್ಟು ಸಲ ಹೇಳೋದು, ತಲೆ ಎಲ್ಲಿಟ್ಟಿರ್ತೀಯ. ಹುಡುಗಿ ಬಿಳಿಚಿಕೊಂಡಳು. ಇಷ್ಟು ವರ್ಷದಲ್ಲಿ ಕಾರಿನೊಳಗೆ ಮೊದಲ ಸಲ.

ಕ್ಷಮೆ ಕೇಳಿದೆ. ಒಂದು ಪಾಠ ಫ್ರೀ ಕೊಟ್ಟೆ. ಹನ್ನೊಂದು ದಿನ ಮನೆಯಲ್ಲಿ ಖರ್ಚಾಗದೆ ಉಳಿದದ್ದು ಎಲ್ಲಾದರೂ ಹೊರಗೆ ಬರಲೇಬೇಕಲ್ಲ.


ಮೇ 18, ಭಾನುವಾರ

ಫೋನ್ ಬಂತು.

ಇವರು ಸ್ಪೀಕರಿಗೆ ಹಾಕು ಅಂದರು, ನನ್ನ ಕೈಗೆ ಆ ಬಟನ್ನೇ ಸಿಗಲಿಲ್ಲ, ಇವರೇ ಒತ್ತಿದರು. "ಅಮ್ಮ" ಅಂದಳು. ಗಂಟಲು ಪೂರ್ತಿ ಕೂತಿದೆ, ಕೂಗಿ ಕೂಗಿ ಇರಬೇಕು. ನನಗೆ ಎಷ್ಟು ಹೆದರಿಕೆಯಾಗಿತ್ತೆಂದರೆ — ಒಂದು ಮಾತು ಹೆಚ್ಚುಕಮ್ಮಿಯಾದರೆ ಇಟ್ಟುಬಿಡುತ್ತಾಳೆ ಅಂತ — ಕಾರಿನ ಧ್ವನಿ ತಾನಾಗಿಯೇ ಬಂತು. ಹೇಳು ಮರಿ, ಊಟ ಸರಿಯಾಗ್ತಿದೆಯಾ, ಗಾಬರಿ ಬೇಡ, ನಿಧಾನವಾಗಿ ಹೇಳು.



"ಆ ಧ್ವನಿ ಬೇಡ ಅಮ್ಮ."

ಮತ್ತೆ ಯಾವುದು ಬೇಕೇ ಅಂದೆ.

"ಬೈಯಿ."

ಸರಿಯಾಗಿ ಕೇಳಿಸಿತಾ ಅಂತ ಇವರ ಮುಖ ನೋಡಿದೆ. ಇವರಿಗೂ ಕೇಳಿಸಿತ್ತು.

ಹೇಳಿದಳು. ಮೊದಲ ವಾರ ಸ್ವರ್ಗದ ಹಾಗಿತ್ತಂತೆ. ಎಲ್ಲರಿಗೂ ಬೈಗುಳ, ಎಲ್ಲರಿಗೂ ಸಮ, ಯಾವುದೂ ಮೈಗೆ ತಾಗುತ್ತಿರಲಿಲ್ಲವಂತೆ. ಮನೆಗೆ ಫೋನ್ ಮಾಡುವುದೇ ಬೇಡ ಅನ್ನಿಸುವಷ್ಟು. ಎರಡನೇ ವಾರ, ಇವಳ ಶೂ ಕೊಳಕಾಗಿದೆ ಅಂತ ಪಕ್ಕದ ಮಂಚದ ಹುಡುಗಿಗೆ ಬೈದರಂತೆ, ಅವಳದ್ದಕ್ಕೆ ಇವಳಿಗೆ. ಮಾರನೇ ದಿನ ಇಬ್ಬರೂ ಬೇಕೆಂದೇ ಮಂಚ ಬದಲಾಯಿಸಿಕೊಂಡು, ಕೈಯ ಪಟ್ಟಿಯನ್ನೂ ಬದಲಾಯಿಸಿಕೊಂಡು ನಿಂತರಂತೆ. ಇಡೀ ದಿನ ಇವಳು ಹದಿನೆಂಟು. ಬೆಳಗ್ಗೆಯಿಂದ ಸಂಜೆಯವರೆಗೆ ಕೂಗಿದರಂತೆ, ಹದಿನೆಂಟು ಹೀಗೆ, ಹದಿನೆಂಟು ಹಾಗೆ.

"ಯಾರಿಗೂ ಗೊತ್ತೇ ಆಗ್ಲಿಲ್ಲ ಅಮ್ಮ" ಅಂದಳು. "ಅಲ್ಲಿ ನಾನಿರ್ಲೇ ಇಲ್ಲ."

ಬಂದು ಕರೆದುಕೊಂಡು ಹೋಗಲಾ, ಈಗಲೇ ಹೊರಡುತ್ತೇನೆ ಅಂದೆ. ಫೀಸಿನ ಯೋಚನೆ ಒಂದು ಚೂರೂ ಬರಲಿಲ್ಲ, ಆಣೆಗೂ ಬರಲಿಲ್ಲ. ಇವರು ಆಗಲೇ ಕಾರಿನ ಕೀಲಿ ಹುಡುಕುತ್ತಿದ್ದರು.

ಬೇಡವಂತೆ. ಕೆರೆ ದಾಟುವುದು ಇನ್ನೂ ಬಾಕಿ ಇದೆಯಂತೆ, ಮುಗಿಸಿಯೇ ಬರುತ್ತಾಳಂತೆ. "ನೀನು ಬೈಯಿ ಅಷ್ಟೇ. ನಾಲ್ಕು ನಿಮಿಷ ಇದೆ."

ನಾನು ಬೈಯಲು ಆಗದೆ ನಿಂತೆ. ನಾನು. ತಲೆಯಲ್ಲಿ ಒಂದೇ ಒಂದು ಬೈಗುಳವಿಲ್ಲ. ಏನೂ ಮಾಡಿಲ್ವಲ್ಲೇ ನೀನು, ಏನಂತ ಬೈಯಲಿ ಅಂದೆ. "ಹುಡುಕು" ಅಂದಳು.

ಇವರು ಅವಳ ರೂಮಿನ ಕಡೆ ಕೈ ತೋರಿಸಿದರು. ಹೋದೆ. ಬಗ್ಗಿ ಮಂಚದ ಕೆಳಗೆ ನೋಡಿದೆ. ನೋಡಿದ್ದೇ ತಡ, ಎಲ್ಲಿಂದ ಬಂತೋ ಆ ಧ್ವನಿ.

"ಮಂಚದ ಕೆಳಗೆ ಐದು ತಟ್ಟೆ ಇಟ್ಟು ಹೋಗಿದೀಯಲ್ಲೇ, ಒಂದರಲ್ಲಿ ಬೂಷ್ಟು ಬೆಳೆದು ಗಡ್ಡ ಬಿಟ್ಟಿದೆ. ಇನ್ನೊಂದು ನಮ್ಮನೇ ತಟ್ಟೇನೇ ಅಲ್ಲ, ಯಾರ ಮನೇದೇ ಅದು? ಮನೇಲಿ ಯಾಕೆ ತಟ್ಟೆ ಸಾಲಲ್ಲ ಅಂತ ನಾನು ಹೊಸದು ತಂದೆನಲ್ಲೇ…"

ಆ ಕಡೆಯಿಂದ ನಗು. ಆಮೇಲೆ ಅಳು. ಆಮೇಲೆ ಎರಡೂ. "ಇನ್ನೂ" ಅಂದಳು. ಇನ್ನೂ ಬೈದೆ. ಟವೆಲಿಗೆ ಬೈದೆ, ಬಾಗಿಲಿಗೆ ಬೈದೆ, ಹೋದ ಭಾನುವಾರ ಫೋನ್ ಮಾಡದೆ ನನ್ನ ಹೊಟ್ಟೆಗೆ ಬೆಂಕಿ ಇಟ್ಟಿದ್ದಕ್ಕೆ ಹೆಸರು ಹಿಡಿದು ಬೈದೆ. ಲೈನ್ ಕಟ್ಟಾಗಿ ಎಷ್ಟೋ ಹೊತ್ತಾಗಿದೆ ಅಂತ ಇವರು ಬಂದು ಹೇಳಬೇಕಾಯಿತು.

ತಟ್ಟೆಗಳನ್ನು ತೊಳೆಯಲು ಎತ್ತಿಕೊಂಡರು ಇವರು. ಹೋಗುತ್ತಾ, ಕೊಟ್ಟ ದುಡ್ಡಿಗೆ ಮೋಸವಾಗಲಿಲ್ಲ ಬಿಡು ಅಂದರು. ತಿರುಗಿ, ದುಬಾರಿಯಂತೂ ಹೌದು ಅಂದರು.


ಮೇ 24, ಶನಿವಾರ
ಬೆಳಗ್ಗೆ, ಅಕಾಡೆಮಿ ಗೇಟಿನ ಹೊರಗೆ, ಕಾರಿನಲ್ಲಿ

ಬೇಗ ಬಂದುಬಿಟ್ಟೆ. ಇವರು ಚಹಾ ಹುಡುಕಿಕೊಂಡು ಹೋಗಿದ್ದಾರೆ. ಒಳಗೆ ಬ್ಯಾಂಡು ಬಾರಿಸುತ್ತಿದ್ದಾರೆ, ಯಾರೋ ಮೈಕಿನಲ್ಲಿ ನಾಯಕತ್ವ ಅನ್ನುತ್ತಿದ್ದಾರೆ. ಪಕ್ಕದ ಕಾರಿನ ಹೆಂಗಸು ಕಿಟಕಿ ಇಳಿಸಿ, ಮುಂದಿನ ವರ್ಷ ಮಗಳನ್ನು ಸೇರಿಸುವ ಯೋಚನೆಯಿದೆ, ಇಷ್ಟು ದುಡ್ಡು ಕೊಡಬಹುದಾ ಅಂತ ಕೇಳಿದಳು. ಏನು ಹೇಳಲಿ? ನಿಮ್ಮ ಮನೆಯಲ್ಲಿ ಯಾರು ಬೈಯುತ್ತಾರೆ ಅಂತ ಕೇಳಿದೆ. ಕಿಟಕಿ ಏರಿಸಿಕೊಂಡಳು.

ಬರುವ ದಾರಿಯಲ್ಲಿ ನಿಶ್ಚಯ ಮಾಡಿಕೊಂಡಿದ್ದೇನೆ. ಇವತ್ತು ಒಂದು ದಿನವಾದರೂ ಏನೂ ಅನ್ನಬಾರದು. ಸುಮ್ಮನೆ ಅಪ್ಪಿಕೊಳ್ಳಬೇಕು. ಅಷ್ಟೇ.

ಗೇಟು ತೆರೆದರು. ಸಾಲಾಗಿ ಬರುತ್ತಿದ್ದಾರೆ, ಎಲ್ಲರದೂ ಒಂದೇ ಬಟ್ಟೆ, ಒಂದೇ ನಡಿಗೆ, ಬಿಸಿಲಿಗೆ ಎಲ್ಲರೂ ಒಂದೇ ಕಪ್ಪು. ಇಷ್ಟು ಜನರಲ್ಲಿ ನನ್ನವಳು ಯಾರು ಅಂತ —

ಕಂಡಳು. ಅವಳೇ. ಚೀಲದ ಜಿಪ್ಪು ಪೂರ್ತಿ ಬಿಚ್ಚಿಕೊಂಡಿದೆ. ಕಾಲುಚೀಲ, ಬಾಚಣಿಗೆ, ಅಂಗಿ, ಒಂದೊಂದಾಗಿ ರಸ್ತೆಯುದ್ದಕ್ಕೂ ಉದುರುತ್ತಿವೆ, ಹಿಂದಿನವರು ದಾಟಿಕೊಂಡು ಬರ್ತಿದ್ದಾರೆ, ಇವಳಿಗೆ ಲೋಕದ ಪರಿವೆಯಿಲ್ಲ, ಕೈ ಬೀಸುತ್ತಾ ನೇರ ಈ ಕಡೆಗೇ… ಮೂರು ವಾರ, ಅಷ್ಟು ದುಡ್ಡು, ಒಂದು ಜಿಪ್ಪು ಹಾಕೋದು ಕಲಿಸಲಿಲ್ಲ ಈ ಅಕಾಡೆಮಿಯವರು. ಬರಲಿ, ಇದೆ ಇವಳಿಗೆ —